ಹನ್ನೆರಡರಿಂದ ಎರಡರೊಳಗಿನ ಅರ್ಧ ಗಂಟೆ

1884ರ ಸೆಪ್ಟೆಂಬರ್ ಕೊನೆಯಲ್ಲಿ ಮುಂಬಯಿಯ ಬಟ್ಟೆ ಗಿರಣಿಗಳ ಕೂಲಿಗಳು ಸಭೆ ಸೇರಿ ಸರ್ಕಾರ ನೇಮಿಸಿದ್ದ ಆಯೋಗಕ್ಕೊಂದು ಮನವಿ ಬರೆದರು. ಐದು ಸಾವಿರಕ್ಕೂ ಹೆಚ್ಚು ಮಂದಿಯ ಒಪ್ಪಿಗೆ ಬಿದ್ದ ಆ ಕಾಗದದಲ್ಲಿ ಇದ್ದದ್ದು ಐದೇ ಬೇಡಿಕೆ. ಭಾನುವಾರ ರಜೆ ಬೇಕು. ಮಧ್ಯಾಹ್ನ ಅರ್ಧ ಗಂಟೆ ಬಿಡುವು ಬೇಕು. ಕೆಲಸ ಬೆಳಗ್ಗೆ ಆರೂವರೆಗೆ ಶುರುವಾಗಿ ಹೊತ್ತು ಮುಳುಗುವಾಗ ಮುಗಿಯಬೇಕು. ಒಂದು ತಿಂಗಳ ಸಂಬಳ ಮುಂದಿನ ತಿಂಗಳ 15ರೊಳಗೆ ಕೈ ಸೇರಬೇಕು. ಯಂತ್ರಕ್ಕೆ ಸಿಕ್ಕಿ ಗಾಯವಾದವನಿಗೆ ವಾಸಿಯಾಗುವವರೆಗೆ ಕೂಲಿ ಸಿಗಬೇಕು, ಅಂಗ ಊನವಾದರೆ ಬದುಕಿಗೊಂದು ದಾರಿಯಾಗಬೇಕು. ಕೂಲಿ ಹೆಚ್ಚಿಸಿ ಎಂಬ ಮಾತು ಅದರಲ್ಲಿ ಇರಲೇ ಇಲ್ಲ.

ಹೊಲದಲ್ಲಿ ದುಡಿಯುವವನಿಗೆ ಬುತ್ತಿ ಬಿಚ್ಚಲು ಯಾರ ಅಪ್ಪಣೆಯೂ ಬೇಕಿರಲಿಲ್ಲ. ನೆತ್ತಿಯ ಮೇಲೆ ಬಿಸಿಲು ಬಂತೆಂದರೆ ನೇಗಿಲು ನಿಲ್ಲುತ್ತಿತ್ತು, ಎತ್ತಿಗೂ ಮೇವು, ಆಳಿಗೂ ರೊಟ್ಟಿ. ಅದೇ ರೈತನ ಮಗ ರತ್ನಾಗಿರಿಯಿಂದಲೋ ಸಾತಾರದಿಂದಲೋ ಮುಂಬಯಿಗೆ ಬಂದು ಗಿರಣಿ ಸೇರಿದ ಮೇಲೆ ಮಧ್ಯಾಹ್ನದ ಊಟಕ್ಕಾಗಿ ಸರ್ಕಾರದ ಬಾಗಿಲು ತಟ್ಟಬೇಕಾಯಿತು. ಇಲ್ಲಿ ನಿಲ್ಲಬೇಕಾದದ್ದು ನೇಗಿಲಲ್ಲ, ಉಗಿ ಎಂಜಿನ್. ಅದನ್ನು ನಿಲ್ಲಿಸುವ ಕೈ ಬೇರೆಯವರದು. ಕಾರ್ಖಾನೆಗಳಲ್ಲಿ ಊಟದ ಬಿಡುವಿಗಾಗಿ ನಡೆದ ಜಗಳಗಳನ್ನೆಲ್ಲ ಜಾಲಾಡಿದರೆ ಕೊನೆಗೆ ಸಿಗುವುದು ಈ ಒಂದು ಪ್ರಶ್ನೆ: ಕೂಲಿ ಉಣ್ಣುವಾಗ ಯಂತ್ರ ನಿಲ್ಲುತ್ತದೆಯೋ, ಇಲ್ಲವೋ?

ಮುಂಬಯಿಯ ಮೊದಲ ಬಟ್ಟೆ ಗಿರಣಿಯನ್ನು ಕಟ್ಟಿದವರು ಪಾರ್ಸಿ ವ್ಯಾಪಾರಿ ಕಾವಸ್ಜಿ ನಾನಾಭಾಯಿ ದಾವರ್. 1854ರಲ್ಲಿ ಕಂಪನಿ ಹುಟ್ಟಿತು, 1856ರಲ್ಲಿ ತಾರ್‌ದೇವ್‌ನಲ್ಲಿ ನೂಲು ತೆಗೆಯಲಾರಂಭಿಸಿತು. ಮುಂದಿನ ಮೂವತ್ತು ವರ್ಷಗಳಲ್ಲಿ ಪರೇಲ್, ಬೈಕಲಾ, ಲಾಲ್‌ಬಾಗ್‌ಗಳ ಆಕಾಶವನ್ನು ಹೊಗೆ ಕೊಳವೆಗಳು ತುಂಬಿದವು. ವಿದ್ಯುತ್ ದೀಪ ಇನ್ನೂ ಬಾರದ ಕಾಲ ಅದು. ಹಾಗಾಗಿ ಗಿರಣಿಯ ಗಡಿಯಾರವೆಂದರೆ ಸೂರ್ಯನೇ. ಬೆಳಕು ಹರಿಯುವಾಗ ಯಂತ್ರ ತಿರುಗಲು ಶುರು, ಕತ್ತಲಾಗುವಾಗ ನಿಲುಗಡೆ. ಚಳಿಗಾಲದಲ್ಲಿ ದಿನ ಮೋಟು, ಕೆಲಸವೂ ಮೋಟು. ಬೇಸಿಗೆಯಲ್ಲಿ ಅದು ಹದಿಮೂರು, ಹದಿನಾಲ್ಕು ಗಂಟೆಗೆ ಎಳೆಯುತ್ತಿತ್ತು. ಚಾಳಿನಲ್ಲಿ ಹೆಂಗಸರು ನಸುಕಿಗೆ ಮುಂಚೆ ಎದ್ದು ಭಾಕ್ರಿ ತಟ್ಟಿ, ಬಟ್ಟೆಯಲ್ಲಿ ಗಂಟು ಕಟ್ಟಿ, ಅನೇಕರು ಗಂಡನ ಜೊತೆಗೇ ಗಿರಣಿಯ ರೀಲಿಂಗ್, ವೈಂಡಿಂಗ್ ಖಾತೆಗೆ ನಡೆಯುತ್ತಿದ್ದರು. ಆ ಗಂಟು ಬಿಚ್ಚುವುದು ಯಾವಾಗ ಎಂಬುದು ಆಯಾ ಗಿರಣಿಯ ಮರ್ಜಿ. ಕೆಲವು ಕಡೆ ಮಧ್ಯಾಹ್ನ ಎಂಜಿನ್ ಸ್ವಲ್ಪ ಹೊತ್ತು ನಿಲ್ಲುತ್ತಿತ್ತು. ಉಳಿದ ಕಡೆ ಪಕ್ಕದವನಿಗೆ ತನ್ನ ಸಾಂಚಾ (ಯಂತ್ರ) ನೋಡಿಕೊಳ್ಳಲು ಹೇಳಿ, ಹತ್ತಿಯ ಧೂಳು ಹಾರುವ ಜಾಗದಲ್ಲೇ ನಾಲ್ಕು ತುತ್ತು ನುಂಗಿ, ಮತ್ತೆ ಅವನ ಸಾಂಚಾ ತಾನು ನೋಡಿಕೊಳ್ಳಬೇಕು.

ಮಾಲೀಕರ ವಾದವೂ ಇಲ್ಲಿಂದಲೇ ಹುಟ್ಟಿತು. ನಮ್ಮ ಕೂಲಿ ಲಂಕಾಶೈರಿನವನಂತಲ್ಲ, ಮನಸ್ಸು ಬಂದಾಗ ಎದ್ದು ಹೋಗುತ್ತಾನೆ, ಬೀಡಿ ಸೇದುತ್ತಾನೆ, ತಿನ್ನುತ್ತಾನೆ, ಅಂಗಳದಲ್ಲಿ ಕೂತು ಹರಟುತ್ತಾನೆ. ಇಂಥವನಿಗೆ ಬೇರೆ ಬಿಡುವು ಏಕೆ ಎಂದು ಅವರು ಆಯೋಗದಿಂದ ಆಯೋಗಕ್ಕೆ ಹೇಳುತ್ತ ಬಂದರು. ಅದರಲ್ಲಿ ಸುಳ್ಳೇನೂ ಇರಲಿಲ್ಲ. ಹದಿನಾಲ್ಕು ಗಂಟೆ ಒಂದೇ ಸಮನೆ ಯಂತ್ರದ ಮುಂದೆ ನಿಲ್ಲುವುದು ಯಾರಿಂದಲೂ ಆಗದ ಮಾತು, ಹಾಗಾಗಿ ಜನ ತಮಗೆ ಬೇಕಾದ ಬಿಡುವನ್ನು ತಾವೇ ಕದ್ದುಕೊಳ್ಳುತ್ತಿದ್ದರು. ಆದರೆ ಕದ್ದದ್ದು ಹಕ್ಕಾಗುವುದಿಲ್ಲ. ಮೇಸ್ತ್ರಿಯಾದ ಜಾಬರ್ ಕಣ್ಣು ಮುಚ್ಚಿಕೊಂಡರೆ ಊಟ, ಕಣ್ಣು ಬಿಟ್ಟರೆ ದಂಡ. ಒಂದು ದಿನ ಗೈರಾದರೆ ಎರಡು ದಿನದ ಕೂಲಿ ಮುರಿದುಕೊಳ್ಳುವ ಪದ್ಧತಿ ಮುಂಬಯಿಯ ಗಿರಣಿಗಳಲ್ಲಿ ಬಹುಕಾಲ ಇತ್ತು. ಕೂಲಿಯನ್ನು ನೇಮಿಸುವವನೂ, ತೆಗೆಯುವವನೂ, ಅವನಿಗೆ ಸಾಲ ಕೊಡುವವನೂ ಒಬ್ಬನೇ ಜಾಬರ್ ಆಗಿರುವಾಗ ಅವನ ಕೃಪೆಯಲ್ಲಿ ಸಿಗುವ ಕಾಲು ಗಂಟೆಗೆ ಕೂಲಿ ಬೇರೆ ರೀತಿಯಲ್ಲಿ ಬೆಲೆ ತೆರಬೇಕಾಗುತ್ತಿತ್ತು.

ಲಂಕಾಶೈರಿನ ಕೂಲಿಗೇನೂ ಊಟದ ಹೊತ್ತು ಹುಟ್ಟಿನಿಂದ ಬಂದದ್ದಲ್ಲ. 1832ರಲ್ಲಿ ಮೈಕೆಲ್ ಸ್ಯಾಡ್ಲರ್ ಅಧ್ಯಕ್ಷತೆಯ ಸಂಸದೀಯ ಸಮಿತಿಯ ಮುಂದೆ ಲೀಡ್ಸ್ ನಗರದ ಎಲಿಜಬೆತ್ ಬೆಂಟ್ಲಿ ಎಂಬ 23ರ ಹೆಂಗಸು ಸಾಕ್ಷಿ ಹೇಳಿದಳು. ಆರನೇ ವಯಸ್ಸಿಗೆ ಅಗಸೆ ನಾರಿನ ಗಿರಣಿ ಸೇರಿದವಳು. ಕೆಲಸ ಜೋರಿದ್ದಾಗ ಬೆಳಗ್ಗೆ ಐದರಿಂದ ರಾತ್ರಿ ಒಂಬತ್ತರವರೆಗೆ ದುಡಿತ, ನಡುವೆ ಮಧ್ಯಾಹ್ನ ನಲವತ್ತು ನಿಮಿಷ. ಬೆಳಗಿನ ತಿಂಡಿಗೆ ಬಿಡುವೇ ಇಲ್ಲ, ಕೆಲಸ ಮಾಡುತ್ತಲೇ ಸಾಧ್ಯವಾದಷ್ಟು ತಿನ್ನಬೇಕು. ಧೂಳು ಕೂತ ಆ ತಿಂಡಿಯನ್ನು ತಿನ್ನಲಾಗದೆ ಬಿಟ್ಟರೆ ಏನಾಗುತ್ತಿತ್ತು ಎಂದು ಸಮಿತಿ ಕೇಳಿತು. ಮೇಲ್ವಿಚಾರಕರು ಅದನ್ನು ಎತ್ತಿಕೊಂಡು ಹೋಗಿ ಹಂದಿಗಳಿಗೆ ಹಾಕುತ್ತಿದ್ದರು ಎಂದು ಅವಳು ಉತ್ತರಿಸಿದಳು. ಹೆಸರಿಗಿದ್ದ ಊಟದ ಹೊತ್ತಿನಲ್ಲೂ ಮಕ್ಕಳಿಂದ ಯಂತ್ರ ಒರೆಸುವ ಕೆಲಸ ಮಾಡಿಸುತ್ತಿದ್ದರೆಂಬ ದೂರು ಆ ದಾಖಲೆಗಳಲ್ಲಿ ಮತ್ತೆ ಮತ್ತೆ ಬರುತ್ತದೆ.

ಕಾನೂನು ಇರಲಿಲ್ಲವೆಂದಲ್ಲ. ಹತ್ತಿ ಗಿರಣಿಯ ಮಕ್ಕಳಿಗೆ ತಿಂಡಿಗೆ ಅರ್ಧ ಗಂಟೆ, ಊಟಕ್ಕೆ ಒಂದು ಗಂಟೆ ಕೊಡಬೇಕೆಂದು 1819ರ ಕಾಯಿದೆಯೇ ಹೇಳಿತ್ತು. ನೋಡುವವರು ಯಾರೂ ಇರಲಿಲ್ಲ, ಅಷ್ಟೇ. 1833ರಲ್ಲಿ ನಾಲ್ವರು ಇನ್‌ಸ್ಪೆಕ್ಟರುಗಳ ನೇಮಕವಾದ ಮೇಲೆ ಮಾಲೀಕರ ಕೈಚಳಕ ಹೊರಬಿತ್ತು. ಗಿರಣಿಯ ಗಡಿಯಾರವನ್ನು ಬೆಳಗ್ಗೆ ಮುಂದಕ್ಕೆ, ಸಂಜೆ ಹಿಂದಕ್ಕೆ ತಿರುಗಿಸುವುದು ಒಂದು ಉಪಾಯ. ಒಬ್ಬೊಬ್ಬರನ್ನು ಒಂದೊಂದು ಹೊತ್ತಿಗೆ ಊಟಕ್ಕೆ ಕಳಿಸಿ ಯಾರು ಎಷ್ಟು ಹೊತ್ತು ಉಂಡರೆಂದು ಯಾರಿಗೂ ತಿಳಿಯದಂತೆ ಮಾಡುವುದು ಇನ್ನೊಂದು. ಇದಕ್ಕೆ ಮದ್ದು ಹುಡುಕಿದ್ದು 1844ರ ಕಾಯಿದೆ. ಕೆಲಸದ ಹೊತ್ತನ್ನು ಊರಿನ ಸಾರ್ವಜನಿಕ ಗಡಿಯಾರ ನೋಡಿ ಎಣಿಸಬೇಕು, ರಕ್ಷಣೆಗೆ ಒಳಪಟ್ಟ ಎಲ್ಲರಿಗೂ ಊಟ ಒಂದೇ ಹೊತ್ತಿಗೆ ಆಗಬೇಕು, ಆ ಹೊತ್ತಿನಲ್ಲಿ ಯಂತ್ರ ನಡೆಯುವ ಕೊಠಡಿಯಲ್ಲಿ ಅವರು ಇರಕೂಡದು ಎಂದಿತು ಅದು. ಎಲ್ಲರೂ ಒಟ್ಟಿಗೆ ಎದ್ದು ಹೊರಗೆ ಹೋದರೆ ಯಂತ್ರ ನಿಲ್ಲಲೇಬೇಕು. ಇಷ್ಟು ಸರಳವಾದ ಉಪಾಯಕ್ಕೆ ಬ್ರಿಟನ್ನಿಗೆ 25 ವರ್ಷ ಹಿಡಿಯಿತು.

ಆಮೇಲೂ ಕಳ್ಳತನ ನಿಲ್ಲಲಿಲ್ಲ, ಸಣ್ಣದಾಯಿತು. ಕೆಲಸ ಶುರು ಮಾಡುವಾಗ ಕಾಲು ಗಂಟೆ ಮುಂಚೆ, ಬಿಡುವಾಗ ಕಾಲು ಗಂಟೆ ತಡ. ತಿಂಡಿಯ ಹೊತ್ತಿನ ಎರಡೂ ತುದಿಯಿಂದ ಐದೈದು ನಿಮಿಷ, ಊಟದ ಹೊತ್ತಿನ ಎರಡೂ ತುದಿಯಿಂದ ಹತ್ತು ಹತ್ತು ನಿಮಿಷ. 1856ರಲ್ಲಿ ಇನ್‌ಸ್ಪೆಕ್ಟರುಗಳು ಇದನ್ನು ಕೂಡಿ ನೋಡಿದರು. ದಿನಕ್ಕೆ ಒಂದು ಗಂಟೆ, ಶನಿವಾರ ಸ್ವಲ್ಪ ಕಡಿಮೆ, ವಾರಕ್ಕೆ 5 ಗಂಟೆ 40 ನಿಮಿಷ. ರಜೆ ಕಳೆದು ವರ್ಷಕ್ಕೆ 50 ವಾರ ಹಿಡಿದರೆ 27 ದಿನದ ಕೆಲಸ ಪುಕ್ಕಟೆ! ಲೆಕ್ಕ ಬರೆದವರು ಸರ್ಕಾರಿ ನೌಕರರು, ಕ್ರಾಂತಿಕಾರಿಗಳಲ್ಲ. ಕಾರ್ಲ್ ಮಾರ್ಕ್ಸ್ ಆಮೇಲೆ ಇದೇ ವರದಿಗಳನ್ನು ತನ್ನ ಗ್ರಂಥಕ್ಕೆ ಎತ್ತಿಕೊಂಡ.

ಇಂಥ ಲಂಕಾಶೈರಿಗೆ 1870ರ ದಶಕದಲ್ಲಿ ಮುಂಬಯಿಯ ಕೂಲಿಗಳ ಮೇಲೆ ಇದ್ದಕ್ಕಿದ್ದಂತೆ ಮರುಕ ಉಕ್ಕಿತು. ಕಾರಣ ಗುಟ್ಟೇನಲ್ಲ. ಮುಂಬಯಿಯ ನೂಲು ಮ್ಯಾಂಚೆಸ್ಟರಿನ ನೂಲಿಗೆ ಪೈಪೋಟಿ ಕೊಡತೊಡಗಿತ್ತು, ಇಲ್ಲಿ ಕೆಲಸದ ಹೊತ್ತಿಗೆ ಮಿತಿಯೇ ಇರಲಿಲ್ಲ. 1875ರಲ್ಲಿ ಲಾರ್ಡ್ ಶಾಫ್ಟ್ಸ್‌ಬರಿ ಬ್ರಿಟಿಷ್ ಮೇಲ್ಮನೆಯಲ್ಲಿ ಭಾರತದ ಗಿರಣಿಗಳ ಪ್ರಶ್ನೆ ಎತ್ತಿದ. ಅದೇ ವರ್ಷ ಮುಂಬಯಿಯಲ್ಲಿ ಮೊದಲ ಕಾರ್ಖಾನೆ ಆಯೋಗ ಕೂತಿತು, ಗಿರಣಿ ಮಾಲೀಕರ ಸಂಘವೂ ಅದೇ ವರ್ಷ ಹುಟ್ಟಿತು. ಆಯೋಗದ ಹೆಚ್ಚಿನ ಸದಸ್ಯರು ಕಾಯಿದೆ ಬೇಡ ಎಂದರು. ಸೊರಾಬ್ಜಿ ಶಾಪೂರ್ಜಿ ಬೆಂಗಾಲಿ ಎಂಬ ಪಾರ್ಸಿ ಸುಧಾರಕರೊಬ್ಬರು ಮಾತ್ರ ಪಟ್ಟು ಬಿಡದೆ 1878ರಲ್ಲಿ ಮಸೂದೆಯೊಂದನ್ನು ಸಿದ್ಧಪಡಿಸಿದರು. ಕೊನೆಗೆ 1881ರಲ್ಲಿ ಭಾರತದ ಮೊದಲ ಕಾರ್ಖಾನೆ ಕಾಯಿದೆ ಬಂತು. 7 ವರ್ಷದೊಳಗಿನ ಮಕ್ಕಳು ಕೆಲಸಕ್ಕೆ ಬೇಡ, 7ರಿಂದ 12ರವರೆಗಿನವರಿಗೆ ದಿನಕ್ಕೆ 9 ಗಂಟೆ ಕೆಲಸ ಮತ್ತು ಒಂದು ಗಂಟೆ ಬಿಡುವು. ಅದೂ 100 ಅಥವಾ ಅದಕ್ಕಿಂತ ಹೆಚ್ಚು ಕೂಲಿಗಳಿರುವ ಕಾರ್ಖಾನೆಗಳಲ್ಲಿ. ದೊಡ್ಡವರ ಹಸಿವಿನ ಬಗ್ಗೆ ಆ ಕಾಯಿದೆಯಲ್ಲಿ ಒಂದಕ್ಷರವೂ ಇಲ್ಲ.

ನಮ್ಮ ರಾಷ್ಟ್ರೀಯವಾದಿ ಪತ್ರಿಕೆಗಳ ಬಹುಪಾಲು ಇದನ್ನೂ ವಿರೋಧಿಸಿದವು. ಮ್ಯಾಂಚೆಸ್ಟರಿನ ಪಿತೂರಿ, ಎಳೆಯ ದೇಶೀ ಉದ್ಯಮದ ಕತ್ತು ಹಿಸುಕುವ ಹುನ್ನಾರ ಎಂದು ಬರೆದವು. ಪಿತೂರಿಯ ಮಾತು ಅರ್ಧ ನಿಜ. ಆದರೆ ಬಿಳಿಯ ಮಾಲೀಕನ ಸ್ವಾರ್ಥವನ್ನು ಅಷ್ಟು ಚೆನ್ನಾಗಿ ಓದಿದ ಕಣ್ಣುಗಳಿಗೆ ಪರೇಲ್‌ನ ಕೂಲಿಯ ಒಣಗಿದ ಭಾಕ್ರಿ ಕಾಣಿಸಲಿಲ್ಲ ಎಂಬುದನ್ನು ದೇಶಭಕ್ತಿಯ ಹೆಸರಿನಲ್ಲಿ ಮುಚ್ಚಿಡಲಾಗದು. ಗೋಪಾಳ ಗಣೇಶ ಆಗರಕರರ ಪ್ರಭಾವವಿದ್ದ ಕಾಲದ ‘ಮರಾಠಾ’ದಂಥ ಒಂದೆರಡು ಪತ್ರಿಕೆಗಳು ಮಾತ್ರ ಕೂಲಿಗಳ ಪರ ನಿಂತವು.

ಕೂಲಿಗಳ ಕಡೆಯಿಂದ ಮಾತಾಡಿದ ದನಿ ಬಂದದ್ದು ಬೇರೆ ದಿಕ್ಕಿನಿಂದ, ಜೋತಿಬಾ ಫುಲೆಯವರ ಸತ್ಯಶೋಧಕ ಸಮಾಜದಿಂದ. ನಾರಾಯಣ ಮೇಘಾಜಿ ಲೋಖಂಡೆ 1848ರಲ್ಲಿ ಠಾಣೆಯಲ್ಲಿ ಹುಟ್ಟಿದ ಮಾಳಿ ಜಾತಿಯವರು. ಮಾಂಡ್ವಿಯ ಗಿರಣಿಯೊಂದರಲ್ಲಿ ಸ್ಟೋರ್ ಕೀಪರ್ ಆಗಿದ್ದವರು ಆ ನೌಕರಿ ಬಿಟ್ಟು 1880ರಲ್ಲಿ ‘ದೀನಬಂಧು’ ಪತ್ರಿಕೆಯನ್ನು ವಹಿಸಿಕೊಂಡರು. ಉಗ್ರಾಣದ ಕಿಟಕಿಯಿಂದ ಗಿರಣಿಯ ಒಳಹೊರಗನ್ನು ನೋಡಿದ್ದ ಮನುಷ್ಯ. 1884ರ ಮನವಿಯ ಹಿಂದೆ ಇದ್ದವರು ಇವರೇ. ಅದನ್ನು ಸ್ವೀಕರಿಸಿದ್ದು ಮುಂಬಯಿಯ ಕಲೆಕ್ಟರ್ ಮುಲಾಕ್ ಅಧ್ಯಕ್ಷತೆಯ ಎರಡನೆಯ ಆಯೋಗ. ಕಾಗದ ಕಡತ ಸೇರಿತು, ಎಂಜಿನ್ ತಿರುಗುತ್ತಲೇ ಇತ್ತು.

ಆರು ವರ್ಷದ ಮೇಲೆ, 1890ರ ಏಪ್ರಿಲ್ 24ರಂದು, ಮಹಾಲಕ್ಷ್ಮಿಯ ಕುದುರೆ ರೇಸಿನ ಮೈದಾನದಲ್ಲಿ ಸುಮಾರು ಹತ್ತು ಸಾವಿರ ಕಾರ್ಮಿಕರು ಸೇರಿದರು. ಇಬ್ಬರು ಹೆಂಗಸರೂ ಎದ್ದು ನಿಂತು ಮಾತಾಡಿದರು. ಅಂದು ಮುಖ್ಯವಾಗಿ ಕೇಳಿದ್ದು ವಾರದ ರಜೆಯನ್ನು. ಭಾನುವಾರ ಖಂಡೋಬನ ವಾರ, ಅಂದೇ ರಜೆ ಬೇಕು ಎಂಬ ವಾದ ಲೋಖಂಡೆಯವರ ಹೆಸರಿನೊಂದಿಗೆ ಸೇರಿಕೊಂಡಿದೆ. ನಮ್ಮ ಮೈಲಾರಲಿಂಗನೇ ಅಲ್ಲಿಯ ಖಂಡೋಬ. ಹಾಗಾದರೆ ಈ ದೇಶದ ಭಾನುವಾರದ ರಜೆಯಲ್ಲಿ ಇಂಗ್ಲಿಷರ ಚರ್ಚಿನಷ್ಟೇ ಪಾಲು ಮೈಲಾರನಿಗೂ ಸಲ್ಲಬೇಕು. ಜೂನ್ 10ರಂದು ಮಾಲೀಕರ ಸಂಘ ವಾರದ ರಜೆಗೆ ಒಪ್ಪಿತು. ಮಧ್ಯಾಹ್ನದ ಅರ್ಧ ಗಂಟೆ ಮಾತ್ರ ಬಾಕಿ ಉಳಿಯಿತು.

ಅದೇ ವರ್ಷ ಇಡೀ ದೇಶಕ್ಕೊಂದು ಕಾರ್ಖಾನೆ ಆಯೋಗ ನೇಮಕವಾಯಿತು. ಸೊರಾಬ್ಜಿ ಬೆಂಗಾಲಿ ಅದರ ಸದಸ್ಯರಾದರೆ ಲೋಖಂಡೆ ಮುಂಬಯಿಯ ಮಟ್ಟಿಗೆ ಅದರ ಜೊತೆಗೂಡಿ ಕೆಲಸ ಮಾಡಿದರು. 1891ರಲ್ಲಿ ತಿದ್ದುಪಡಿ ಕಾಯಿದೆ ಹೊರಬಂತು. ಹೆಂಗಸರಿಗೆ 11 ಗಂಟೆಯ ಮಿತಿ ಮತ್ತು ಒಂದೂವರೆ ಗಂಟೆಯ ಬಿಡುವು, ಮಕ್ಕಳಿಗೆ 7 ಗಂಟೆಯ ಮಿತಿ, ಎಲ್ಲರಿಗೂ ವಾರಕ್ಕೊಂದು ರಜೆ. ಇವುಗಳ ನಡುವೆ ಇನ್ನೂ ಒಂದು ಸಾಲು. ಮಧ್ಯಾಹ್ನ ಹನ್ನೆರಡರಿಂದ ಎರಡರೊಳಗೆ ಅರ್ಧ ಗಂಟೆ ಕಾರ್ಖಾನೆಯ ಕೆಲಸ ಪೂರ್ತಿಯಾಗಿ ನಿಲ್ಲಬೇಕು. ಗಂಡಸರ ದುಡಿಮೆಯ ಅವಧಿಗೆ ಇನ್ನೂ ಮಿತಿ ಇರಲಿಲ್ಲ, ಅದಕ್ಕೆ ಮತ್ತೆ ಇಪ್ಪತ್ತು ವರ್ಷ ಕಾಯಬೇಕಾಯಿತು. ಆದರೆ ಊಟಕ್ಕೆ ಎಂಜಿನ್ ನಿಲ್ಲಬೇಕೆಂಬುದು ಕಾನೂನಾಯಿತು. 1892ರ ಜನವರಿಯಿಂದ ಅದು ಜಾರಿಗೆ ಬಂತು. ಬೆಳಗಾವಿ ಜಿಲ್ಲೆ ಆಗ ಮುಂಬಯಿ ಪ್ರಾಂತ್ಯದಲ್ಲಿದ್ದುದರಿಂದ, ಘಟಪ್ರಭೆಯ ನೀರಿನ ಬಲದಿಂದ ನಡೆಯುತ್ತಿದ್ದ ಗೋಕಾಕ ಜಲಪಾತದ ಗಿರಣಿಗೂ ಇದೇ ಕಾಯಿದೆ. ಬ್ರಿಟಿಷ್ ಇಂಡಿಯಾದ ಕಾಯಿದೆಗಳು ಸಂಸ್ಥಾನಗಳಿಗೆ ತಾವಾಗಿ ಅನ್ವಯಿಸುತ್ತಿರಲಿಲ್ಲ, ಹಾಗಾಗಿ ಮೈಸೂರು ಸೀಮೆಯ ಕೂಲಿಗೆ ಆ ಅರ್ಧ ಗಂಟೆ ಅದೇ ದಿನ ಸಿಗಲಿಲ್ಲ.

ಕಾಯಿದೆಯಲ್ಲಿ ಒಂದು ಕಿಂಡಿಯೂ ಇತ್ತು. ಒಪ್ಪಿಗೆ ಪಡೆದ ಪಾಳಿ ಪದ್ಧತಿಯಲ್ಲಿ ನಡೆಯುವ ಕಾರ್ಖಾನೆಗೆ ಈ ನಿಲುಗಡೆ ಬೇಕಿಲ್ಲ. 1891ರಲ್ಲಿ ಅದು ಸಣ್ಣ ವಿನಾಯಿತಿ. ಮುಂದೆ ಪಾಳಿಯೇ ರೂಢಿಯಾದಾಗ ಯಂತ್ರ ಹಗಲೂ ರಾತ್ರಿ ತಿರುಗತೊಡಗಿತು, ಊಟ ಮತ್ತೆ ಒಬ್ಬೊಬ್ಬನ ಪಾಡಾಯಿತು.

ಉಣ್ಣಲು ಹೊತ್ತು ಕೊಡದಿರುವುದು ಒಂದು ಬಗೆಯ ನಿಯಮ. ಕೆಲಸದ ಜಾಗದಲ್ಲಿ ಉಣ್ಣಬೇಡ ಎನ್ನುವುದು ಇನ್ನೊಂದು ಬಗೆ, ಅದರ ಹಿಂದೆ ಕೆಲವೊಮ್ಮೆ ಜೀವದ ಪ್ರಶ್ನೆಯೇ ಇರುತ್ತದೆ. ಲೋಖಂಡೆಯವರ ಮನವಿ ಕಡತದಲ್ಲಿ ಮಲಗಿದ್ದ ದಿನಗಳಲ್ಲೇ, 1888ರ ಜುಲೈನಲ್ಲಿ, ಲಂಡನ್ನಿನ ಬ್ರಯಂಟ್ ಅಂಡ್ ಮೇ ಬೆಂಕಿಪೆಟ್ಟಿಗೆ ಕಾರ್ಖಾನೆಯಿಂದ ಸುಮಾರು 1,400 ಹೆಂಗಸರು, ಹುಡುಗಿಯರು ಕೆಲಸ ಬಿಟ್ಟು ಹೊರಬಂದರು. ಕಡ್ಡಿಯ ತಲೆಗೆ ಹಚ್ಚುತ್ತಿದ್ದದ್ದು ಬಿಳಿ ರಂಜಕ. ಅದರ ಆವಿ ಹಲ್ಲಿನ ಹುಳುಕಿನ ಮೂಲಕ ಇಳಿದು ದವಡೆಯ ಮೂಳೆಯನ್ನೇ ಕೊಳೆಸುತ್ತಿತ್ತು. ಆ ಕೊಠಡಿಗಳಲ್ಲಿ ಹೆಂಗಸರು, ಮಕ್ಕಳು ಊಟ ಮಾಡಕೂಡದೆಂದು 1864ರಲ್ಲೇ ಕಾಯಿದೆಯಾಗಿತ್ತು. ಆದರೆ ಊಟಕ್ಕೆ ಬೇರೆ ಕೊಠಡಿ ಇರಲಿಲ್ಲ! ಮನೆಯಿಂದ ತಂದ ಬ್ರೆಡ್ಡನ್ನು ರಂಜಕ ಮೆತ್ತಿದ ಕೈಯಲ್ಲಿ, ಕೆಲಸದ ಮೇಜಿನ ಬಳಿಯೇ ತಿನ್ನುತ್ತಿದ್ದರು. ಅದರ ಮೇಲೆ ಮಾತಾಡಿದರೆ ದಂಡ, ಕಾಲು ಕೊಳೆಯಾಗಿದ್ದರೆ ದಂಡ. ಈ ಸಂಗತಿಗಳನ್ನು ಜೂನ್ 23ರ ‘ದಿ ಲಿಂಕ್’ ಪತ್ರಿಕೆಯಲ್ಲಿ ಬಯಲಿಗೆಳೆದಾಕೆ ಆನಿ ಬೆಸೆಂಟ್, ಮುಂದೆ ಭಾರತಕ್ಕೆ ಬಂದು ಹೋಂ ರೂಲ್ ಚಳವಳಿ ಕಟ್ಟಿದ ಅದೇ ಬೆಸೆಂಟ್. ಮುಷ್ಕರ ಶುರುವಾದ ಸುಮಾರು ಎರಡು ವಾರದಲ್ಲಿ ಕಂಪನಿ ಮಣಿಯಿತು. ದಂಡ ರದ್ದು ಮಾಡಿತು. ತಿಂಡಿ ತಿನ್ನಲು ಬೇರೆ ಕೊಠಡಿ ಕಟ್ಟಿಕೊಡುವುದು ಒಪ್ಪಂದದ ಕರಾರುಗಳಲ್ಲಿ ಒಂದು. 24 ವರ್ಷ ನಿಷೇಧ ಮಾಡದ ಕೆಲಸವನ್ನು ಒಂದು ಕೊಠಡಿಯ ಬೇಡಿಕೆ ಮಾಡಿತು. ಬಿಳಿ ರಂಜಕಕ್ಕೇ ಬ್ರಿಟನ್ ನಿಷೇಧ ಹಾಕಿದ್ದು ಇನ್ನೂ 20 ವರ್ಷ ಕಳೆದು, 1908ರ ಕಾಯಿದೆಯಿಂದ.

ಮುಂಬಯಿಗೆ ಮರಳಿದರೆ, 1905ರ ಹೊತ್ತಿಗೆ ಗಿರಣಿಗಳಿಗೆ ವಿದ್ಯುತ್ ದೀಪ ಬಂದು ಸೂರ್ಯನ ಹಂಗು ಹರಿದಿತ್ತು. ಕೆಲವು ಕಡೆ ದಿನಕ್ಕೆ 14, 15 ಗಂಟೆ ಕೆಲಸ. ಮತ್ತೊಂದು ಆಯೋಗ ಕೂತು 1908ರಲ್ಲಿ ವರದಿ ಕೊಟ್ಟಿತು. ಕೂಲಿಗಳು ಕೆಲಸದ ನಡುವೆ ಎಷ್ಟು ಹೊತ್ತು ಹೊರಗೆ ಅಡ್ಡಾಡುತ್ತಾರೆ ಎಂಬ ಹಳೆಯ ಪುರಾಣ ಅದರಲ್ಲೂ ಉದ್ದಕ್ಕೆ ನಡೆಯಿತು. ಗಂಡಸರ ದುಡಿಮೆಗೆ ನೇರವಾಗಿ 12 ಗಂಟೆಯ ಮಿತಿ ಹಾಕಿ ಎಂದು ಭಿನ್ನಮತ ಬರೆದವರು ಮದರಾಸಿನ ವೈದ್ಯ, ಮುಂದೆ ಜಸ್ಟಿಸ್ ಪಕ್ಷ ಕಟ್ಟಿದವರಲ್ಲಿ ಒಬ್ಬರಾದ ಡಾ. ಟಿ. ಎಂ. ನಾಯರ್. 1911ರ ಕಾಯಿದೆ ಬಟ್ಟೆ ಗಿರಣಿಗಳ ಮಟ್ಟಿಗೆ ಆ ಮಾತನ್ನು ಒಪ್ಪಿಕೊಂಡಿತು. ಅಲ್ಲಿಂದ ಮುಂದಿನದು ಇಳಿಲೆಕ್ಕ: 1922ರಲ್ಲಿ ದಿನಕ್ಕೆ 11 ಗಂಟೆ ಮತ್ತು ಒಂದು ಗಂಟೆಯ ಬಿಡುವು, 1934ರಲ್ಲಿ 10, 1946ರಲ್ಲಿ 9.

ಬಿಡುವು ಸಿಕ್ಕರೂ ಎಲ್ಲರೂ ಒಟ್ಟಿಗೆ ಕೂತು ಉಣ್ಣುತ್ತಿದ್ದರೆಂದು ಎಣಿಸಬೇಕಾಗಿಲ್ಲ. ನೀರಿನ ಕೊಡ ಬೇರೆ, ಉಣ್ಣುವ ಜಾಗ ಬೇರೆ, ಊರಿನ ಜಾತಿ ಗಿರಣಿಯ ಅಂಗಳದಲ್ಲೂ ಪಂಕ್ತಿ ಹಾಕಿಕೊಂಡಿತ್ತು. ನೇಯ್ಗೆ ಖಾತೆಯಲ್ಲಿ ಒಳ್ಳೆಯ ಕೂಲಿ ಸಿಗುತ್ತಿತ್ತು, ಅಸ್ಪೃಶ್ಯರೆನಿಸಿಕೊಂಡವರಿಗೆ ಅಲ್ಲಿ ಪ್ರವೇಶವಿರಲಿಲ್ಲ. ನೇಕಾರ ಲಾಳಿಯ ದಾರವನ್ನು ಬಾಯಿಗಿಟ್ಟು ಒದ್ದೆ ಮಾಡಬೇಕು, ಇವರ ಎಂಜಲು ಮುಟ್ಟಿದ ದಾರವನ್ನು ನಾವು ಹೇಗೆ ಬಾಯಿಗಿಡುವುದು ಎಂಬುದು ಉಳಿದವರ ಆಕ್ಷೇಪ. ಹತ್ತು ಜನರ ಎಂಜಲು ತಾಗಿದ ಲಾಳಿಯನ್ನು ತುಟಿಗಿಡುವುದೇ ಹೇಸಿಗೆಯ, ರೋಗದ ಕೆಲಸ ಎಂದು ಯಾರಿಗೂ ಅನಿಸಲಿಲ್ಲ, ಜಾತಿ ಮಾತ್ರ ಅಡ್ಡ ಬಂತು. 1928ರ ದೊಡ್ಡ ಮುಷ್ಕರದ ಹೊತ್ತಿನಲ್ಲಿ ಡಾ. ಅಂಬೇಡ್ಕರ್ ಈ ಪ್ರಶ್ನೆಯನ್ನು ಎತ್ತಿ, ನೇಯ್ಗೆ ಖಾತೆಯ ಬಾಗಿಲು ತೆರೆಯಬೇಕೆಂದು ಮುಷ್ಕರದ ನಾಯಕರ ಮುಂದೆ ಇಟ್ಟರು. ಗಿರಣಿಯ ಊಟದ ಚರಿತ್ರೆಯನ್ನು ಮಾಲೀಕ-ಕೂಲಿಯ ಕಥೆಯಾಗಿ ಮಾತ್ರ ಬರೆದರೆ ಈ ಪುಟ ಬಿಟ್ಟುಹೋಗುತ್ತದೆ.

ಇನ್ನೊಂದು ತಮಾಷೆಯ ಪುಟವೂ ಇದೆ, ಚಹಾದ್ದು. ಇಂದು ಕಾರ್ಖಾನೆಯಲ್ಲಿ ಟೀ ಬಿಡುವೆಂದರೆ ಕಾರ್ಮಿಕ ಹೋರಾಟದ ಫಲವೆಂದು ತೋರುತ್ತದೆ. ಅದನ್ನು ಒಳಗೆ ತಂದವರಲ್ಲಿ ಚಹಾ ತೋಟಗಾರರೂ ಇದ್ದರು. ಭಾರತೀಯರು ಆಗ ಚಹಾ ಕುಡಿಯುತ್ತಿದ್ದದ್ದು ಕಡಿಮೆ. ಮೊದಲ ಮಹಾಯುದ್ಧದ ಕಾಲದಿಂದ ತೋಟಗಾರರ ಪ್ರಚಾರ ಸಂಸ್ಥೆ ಬಟ್ಟೆ ಗಿರಣಿ, ಕಲ್ಲಿದ್ದಲು ಗಣಿಗಳಲ್ಲಿ ಚಹಾ ಅಂಗಡಿ ಇಡಿಸಿತು, ಚಹಾ ಕುಡಿಯಲು ಕೂಲಿಗಳಿಗೆ ಬಿಡುವು ಕೊಡಿ ಎಂದು ಮಾಲೀಕರ ಮನ ಒಲಿಸಿತು. ಮಾಲೀಕರು ಊಟಕ್ಕೆ ಅರ್ಧ ಗಂಟೆ ಕೊಡಲು ಹದಿನೈದು ವರ್ಷ ವಾದ ಮಾಡಿದ್ದರು. ಚಹಾಕ್ಕೆ ಅಷ್ಟು ಹೊತ್ತು ಹಿಡಿಯಲಿಲ್ಲ, ಕುಡಿದವನು ಚುರುಕಾಗಿ ದುಡಿಯುತ್ತಾನೆಂದು ಅವರಿಗೆ ಮನವರಿಕೆಯಾಗಿತ್ತು.

ಹೊರಗೆ, ಗಿರಣಿಗಳ ಬಡಾವಣೆಯಾದ ಗಿರಣಗಾಂವ್‌ನ ಗಲ್ಲಿಗಳಲ್ಲಿ, ಊಟ ಹಾಕುವವರದೇ ಒಂದು ಲೋಕ ಬೆಳೆದಿತ್ತು. ಹೆಂಡತಿ ಮಕ್ಕಳನ್ನು ಊರಲ್ಲಿ ಬಿಟ್ಟು ಬಂದ ಕಾರ್ಮಿಕರಿಗೆ ಖಾನಾವಳಿಯ ಹೆಂಗಸರು ಒಂದೊಂದು ಖೋಲಿಯಲ್ಲಿ ಹತ್ತು ಇಪ್ಪತ್ತು ಮಂದಿಯಂತೆ ಅಡುಗೆ ಮಾಡಿ ಹಾಕುತ್ತಿದ್ದರು, ತಿಂಗಳ ಕೊನೆಗೆ ಲೆಕ್ಕ. ಅವರ ಗಂಡಂದಿರೂ ಬಹುಮಟ್ಟಿಗೆ ಗಿರಣಿಯವರೇ. ಈ ಹೆಂಗಸರನ್ನು ಸಂಘಟಿಸಿ, ಸಾಹುಕಾರನ ಬಡ್ಡಿಯಿಂದ ಬಿಡಿಸಿ ಬ್ಯಾಂಕಿನ ಸಾಲ ಕೊಡಿಸಲು ಪ್ರೇಮಾ ಪುರವ್ 1975ರಲ್ಲಿ ಅನ್ನಪೂರ್ಣಾ ಮಹಿಳಾ ಮಂಡಳ ಕಟ್ಟಿದರು. 1982ರ ಜನವರಿಯಲ್ಲಿ ಕಾರ್ಮಿಕ ನಾಯಕ ದತ್ತಾ ಸಾಮಂತರ ನೇತೃತ್ವದ ಗಿರಣಿ ಮುಷ್ಕರ ಶುರುವಾದಾಗ ಮುಷ್ಕರನಿರತರಿಗೆ ತಿಂಗಳುಗಟ್ಟಲೆ ಉದ್ರಿ ಊಟ ಹಾಕಿದವರು ಇದೇ ಹೆಂಗಸರು.

ಸ್ವತಂತ್ರ ಭಾರತದ ಕಾರ್ಖಾನೆ ಕಾಯಿದೆ 1948ರದು. ಅದರ 55ನೇ ಕಲಮು, ಅರ್ಧ ಗಂಟೆ ಬಿಡುವು ಕೊಡದೆ ಐದು ಗಂಟೆಗಿಂತ ಹೆಚ್ಚು ದುಡಿಸಬಾರದೆಂದಿತು. ವಿನಾಯಿತಿ ಕೊಟ್ಟರೂ ಆರು ಗಂಟೆ ದಾಟಬಾರದು. 250ಕ್ಕಿಂತ ಹೆಚ್ಚು ಕಾರ್ಮಿಕರಿದ್ದರೆ ಕ್ಯಾಂಟೀನ್, 150ಕ್ಕಿಂತ ಹೆಚ್ಚಿದ್ದರೆ ಕುಡಿಯುವ ನೀರಿರುವ ಊಟದ ಕೋಣೆ. ಊಟದ ಕೋಣೆ ಇರುವ ಕಡೆ ಯಾವ ಕಾರ್ಮಿಕನೂ ಕೆಲಸದ ಕೋಣೆಯಲ್ಲಿ ಉಣ್ಣತಕ್ಕದ್ದಲ್ಲ ಎಂಬ ಷರತ್ತು ಅದರ ಬೆನ್ನಿಗೇ ಬರುತ್ತದೆ. ಆ ಕ್ರಮ ಗಮನಿಸಬೇಕಾದದ್ದು: ಮೊದಲು ಕೋಣೆ, ಆಮೇಲೆ ನಿಷೇಧ. ಬ್ರಯಂಟ್ ಅಂಡ್ ಮೇ ಹುಡುಗಿಯರು ಕಲಿಸಿದ ಪಾಠ 60 ವರ್ಷದ ಮೇಲೆ ನಮ್ಮ ಕಾಯಿದೆಯಲ್ಲಿ ಸರಿಯಾಗಿ ಬರೆಯಲ್ಪಟ್ಟಿತು. ಬ್ಯಾಟರಿ ತಯಾರಿಕೆಯಂತೆ ಸೀಸ ಬಳಸುವ ಕೆಲಸಗಳ ನಿಯಮಗಳು ಇನ್ನೂ ಕಟ್ಟುನಿಟ್ಟು. ತಿಂಡಿ, ಪಾನೀಯ, ತಂಬಾಕು ಮಾತ್ರವಲ್ಲ, ಎಲೆ ಅಡಿಕೆಯನ್ನೂ ಆ ಕೋಣೆಯೊಳಗೆ ತರುವಂತಿಲ್ಲ.

ಕರ್ನಾಟಕ 2023ರ ಫೆಬ್ರವರಿಯಲ್ಲಿ ಈ ಕಾಯಿದೆಗೆ ತನ್ನದೇ ತಿದ್ದುಪಡಿ ತಂದಿತು. ವಾರದ 48 ಗಂಟೆಯ ಮಿತಿಯೊಳಗೆ ದಿನಕ್ಕೆ 12 ಗಂಟೆವರೆಗೆ ದುಡಿಸಲು, ಬಿಡುವಿಲ್ಲದ ದುಡಿಮೆಯನ್ನು ಆರು ಗಂಟೆಗೆ ಹಿಗ್ಗಿಸಲು ಅದು ದಾರಿ ಮಾಡಿತು. ಬೆಂಗಳೂರಿನ ಗಾರ್ಮೆಂಟ್ಸ್ ಲೈನಿನಲ್ಲಿ ಕೂತ ಹೆಂಗಸಿಗೆ ಐದು ಗಂಟೆಗೂ ಆರು ಗಂಟೆಗೂ ಇರುವ ಅಂತರವನ್ನು ಬಿಡಿಸಿ ಹೇಳಬೇಕಾಗಿಲ್ಲ. ಬೆಳಗ್ಗೆ ಏಳಕ್ಕೆ ತಿಂದು ಮನೆ ಬಿಟ್ಟು, ಬಸ್ಸು ಹಿಡಿದು, ಒಂಬತ್ತಕ್ಕೆ ಹೊಲಿಗೆ ಯಂತ್ರದ ಮುಂದೆ ಕೂತರೆ, ಆರು ಗಂಟೆಯ ಲೆಕ್ಕದಲ್ಲಿ ಅವಳ ಡಬ್ಬಿ ತೆರೆಯುವುದು ಮೂರಕ್ಕೆ.

ಈಗ 1948ರ ಕಾಯಿದೆಯ ಜಾಗಕ್ಕೆ 2020ರಲ್ಲಿ ಸಂಸತ್ತು ಅಂಗೀಕರಿಸಿದ ಔದ್ಯೋಗಿಕ ಸುರಕ್ಷತೆ, ಆರೋಗ್ಯ ಮತ್ತು ಕೆಲಸದ ಸ್ಥಿತಿಗತಿಗಳ ಸಂಹಿತೆ ಬಂದಿದೆ. 2025ರ ನವೆಂಬರ್ 21ರಿಂದ ಜಾರಿ. ಅದರಲ್ಲಿ ಒಳ್ಳೆಯದೂ ಇದೆ. ಕ್ಯಾಂಟೀನ್ ಕಡ್ಡಾಯವಾಗಲು 100 ಜನ ಸಾಕು, ಗುತ್ತಿಗೆಯವರೂ ಆ ಲೆಕ್ಕಕ್ಕೆ ಸೇರುತ್ತಾರೆ. 50ಕ್ಕಿಂತ ಹೆಚ್ಚು ಕಾರ್ಮಿಕರಿರುವ ಕಾರ್ಖಾನೆಯಲ್ಲಿ ಊಟದ ಕೋಣೆ ಇರಬೇಕು. ಆದರೆ ಎಷ್ಟು ಗಂಟೆ ದುಡಿದ ಮೇಲೆ ಎಷ್ಟು ಹೊತ್ತಿನ ಬಿಡುವು ಎಂಬ ಅಂಕಿಯನ್ನು ಸಂಹಿತೆ ತನ್ನೊಳಗೆ ಬರೆದುಕೊಂಡಿಲ್ಲ. ದಿನಕ್ಕೆ ಎಂಟು ಗಂಟೆ ಎಂದು ಹೇಳಿ, ನಡುವಿನ ಬಿಡುವನ್ನು ಸರ್ಕಾರದ ಅಧಿಸೂಚನೆಗೆ ಬಿಟ್ಟಿದೆ. 1891ರಲ್ಲಿ ಕಾಯಿದೆಯ ಒಂದು ಸಾಲಾಗಿದ್ದ ಅರ್ಧ ಗಂಟೆ ಈಗ ಗೆಜೆಟ್ಟಿನ ಪುಟಕ್ಕೆ ಸರಿದಿದೆ. ಕಾಯಿದೆ ತಿದ್ದಲು ಸದನದಲ್ಲಿ ಚರ್ಚೆಯಾಗಬೇಕು, ಅಧಿಸೂಚನೆ ಹೊರಡಿಸಲು ಒಂದು ರುಜು ಸಾಕು. ಹಾಗಾಗಿ ಕಾರ್ಮಿಕ ಸಂಘಗಳು ಇನ್ನು ವಿಧಾನಸೌಧದ ಚರ್ಚೆಗಿಂತ ಹೆಚ್ಚು ಎಚ್ಚರದಿಂದ ಓದಬೇಕಾದದ್ದು ರಾಜ್ಯಪತ್ರವನ್ನು, ಆಕ್ಷೇಪಣೆ ಸಲ್ಲಿಸಲು ಅದರಲ್ಲಿ ಕೊಟ್ಟಿರುವ ಕೊನೆಯ ದಿನಾಂಕದ ಸಮೇತ.